ರೋಗಿಯ ಮಾತು ವೈದ್ಯನ ಕಿವಿಗೆ

(ಬೆಲ್ಲದ ಬಾಗೇವಾಡಿಯಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕಬ್ಬಿನ ಹಂಗಾಮು ಬಂದಿತೆಂದರೆ ನಮ್ಮ ಸೀಮೆಯ ಹೊಲಗಳಲ್ಲಿ ಮರಾಠಿ, ಲಂಬಾಣಿ ನುಡಿಗಳು ಕೇಳಬರುವವು. ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯಲು ಬರುವ ಸಂಸಾರಗಳು ತಿಂಗಳುಗಟ್ಟಲೆ ಗುಡಿಸಲಿನಲ್ಲಿ ಕಳೆಯುವವು. ಕಬ್ಬಿನಲ್ಲಿ ಹಾವು ಉಂಟು, ಕೈಯಲ್ಲಿ ಕುಡಗೋಲು ಉಂಟು. ನಡುರಾತ್ರಿ ಅವರಲ್ಲೊಬ್ಬಳನ್ನು ದವಾಖಾನೆಗೆ ಹೊತ್ತು ತಂದರೆ, ಅಲ್ಲಿಯ ದಾದಿಗೆ ಅವಳ ಮಾತನ್ನು ತಿಳಿಸುವವರಾರು?

ನಮ್ಮವರ ಪಾಡೂ ಬೇರೆಯಲ್ಲ. ಬೇನೆ ಬಲಿತರೆ ಘಟಪ್ರಭೆಯಲ್ಲಿ ರೈಲು ಹತ್ತಿ ಮಿರಜಿಗೋ, ಸಂಕೇಶ್ವರದ ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೋ ಧಾವಿಸುವೆವು. ಡಾಕ್ಟರ ವಾನ್ಲೆಸ್ಸರು 1894ರಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದ ಆ ಮಿರಜಿನ ದಾರಿಯನ್ನು ಕನ್ನಡ ರೋಗಿಗಳು ತಲೆಮಾರುಗಳಿಂದ ಬಲ್ಲರು. 1956ರಲ್ಲಿ ಪ್ರಾಂತದ ಗೆರೆ ಬದಲಾಯಿತು. ರೋಗಿಯ ದಾರಿ ಬದಲಾಗಲಿಲ್ಲ.

ಒಂದು ಶಬ್ದವನ್ನೇ ವಿಚಾರಿಸಿರಿ. ಮರಾಠಿಯಲ್ಲಿ 'ಕಾಲ' ಎಂದರೆ ನಿನ್ನೆ. ಲಕ್ವಾ ಹೊಡೆದವನನ್ನು ಮುಂದಿಟ್ಟುಕೊಂಡು ವೈದ್ಯರು 'ಕಾಲಪಾಸೂನ ಕಾ?' ಎಂದರೆ, ನಿನ್ನೆಯಿಂದಲೋ ಎಂದರ್ಥ. ಗಾಬರಿಗೊಂಡ ಮಗನು 'ಕಾಲು' ಎಂದು ತಿಳಿದು, ಕಾಲೂ ಬಿದ್ದುಹೋಗಿದೆಯಲ್ಲಾ ಎಂದು ತಲೆಯಾಡಿಸಬಹುದು. ಮಿದುಳಿನ ನೆತ್ತರ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಮೊದಲಿನ 4½ ತಾಸಿನೊಳಗೆ ಕೊಡತಕ್ಕದ್ದು. ನಿನ್ನೆಯದೆಂದು ಬರೆದುಕೊಂಡ ವೈದ್ಯರು ಅದನ್ನು ಕೊಡಲಾರರು. ತಾಸಿನ ಹಿಂದೆ ಬಿದ್ದವನು ಜನ್ಮವಿಡೀ ಹಾಸಿಗೆ ಹಿಡಿಯುವನು.

ಅನ್ಯಭಾಷೆಯ ಮಾತಿರಲಿ, ಕನ್ನಡಕ್ಕೂ ಕನ್ನಡಕ್ಕೂ ನಡುವೆ ಗೋಡೆಯುಂಟು. ನಮ್ಮ ಹೆಂಗಸು 'ಬ್ಯಾನಿ ಹತ್ಯಾವ' ಎಂದರೆ ಹೆರಿಗೆ ನೋವು. ಮೈಸೂರು ಕಡೆಯಿಂದ ಹೊಸದಾಗಿ ಬಂದ ತರುಣ ವೈದ್ಯರಿಗೆ ಅದು ಬರಿಯ ಕಾಯಿಲೆಯೆಂದು ತೋರಬಹುದು. 'ದಮ್ಮ ಹತ್ತೈತಿ', 'ಜೋಮು ಹಿಡದೈತಿ' ಎಂಬಿವನ್ನು ವೈದ್ಯಕ ಪಾಠದ ಯಾವ ಪುಸ್ತಕ ಕಲಿಸುವದು? ಗ್ರಾಂಥಿಕ ಕನ್ನಡವನ್ನು ನಾನು ಪ್ರೀತಿಸುವವನೇ. ಆದರೆ ಉಸಿರು ಸಿಕ್ಕಿಕೊಂಡವನು ಗ್ರಂಥದಂತೆ ಮಾತನಾಡನು.

ದುಭಾಷಿಯಾಗಿ ಶಾಲೆಯ ಹುಡುಗನನ್ನು ಮುಂದೆ ದೂಡುವ ರೂಢಿ ನಮ್ಮಲ್ಲಿರುವದು. ಇದು ಸಲ್ಲದು. ತಾಯಿಯ ರಕ್ತಸ್ರಾವದ ಮಾತನ್ನು ಮಗನು ನಾಚಿ ನುಂಗುವನು. ಅಪ್ಪನ ಕುಡಿತದ ಮಾತನ್ನು ಅಂಜಿ ಮುಚ್ಚುವನು.

ಗುರುಗಳೇ, ಇಲ್ಲಿ ನಿಮ್ಮ ಕೆಲಸವಿದೆ. ತೀರ ಅವಶ್ಯವಾದ ಹತ್ತೆಂಟು ಪ್ರಶ್ನೆಗಳನ್ನು ವೈದ್ಯರಿಂದ ಕೇಳಿ, ಒಂದು ರಟ್ಟಿನ ಮೇಲೆ ಬರೆಯಿರಿ. ಮರಾಠಿಯ ಪ್ರಶ್ನೆಗಳನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯಿರಿ: 'ಕುಠೇ ದುಖತೇ?', 'ಕೇವ್ಹಾಪಾಸೂನ?', 'ಕಾಯ ಚಾವಲಂ?' ಎಂದರೆ ಎಲ್ಲಿ ನೋವು, ಯಾವಾಗಿನಿಂದ, ಏನು ಕಚ್ಚಿತು. ದೇವನಾಗರಿ ಬಾರದ ದಾದಿಯೂ ಓದಿ ಕೇಳಬಲ್ಲಳು. ಹೌದು-ಅಲ್ಲವೆಂದು ತಲೆಯಾಡಿಸಿ ಮುಗಿಸುವ ಪ್ರಶ್ನೆ ಬೇಡ. ಅಂಜಿದವನು ಎಲ್ಲಕ್ಕೂ ಹೌದೆನ್ನುವನು. ಬೆರಳಿಟ್ಟು ತೋರಿಸಲಿ, ಗಡಿಯಾರದ ಮುಳ್ಳನ್ನು ತೋರಿಸಲಿ, ನುಂಗುವ ಗುಳಿಗೆಯ ಚೀಟಿಯನ್ನೇ ತಂದು ಕೊಡಲಿ. ಉತ್ತರವನ್ನು ಮರಳಿ ಹೇಳಿ ಖಾತ್ರಿಮಾಡಿಕೊಳ್ಳತಕ್ಕದ್ದು.

108ರ ಗಾಡಿಯು ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ ಹೊರಟಿತು. ಆದರೆ ಗುಡಿಸಲಿನವರಿಗೆ ತಾವಿರುವ ಊರಿನ ಹೆಸರೇ ತಿಳಿಯದಿದ್ದರೆ ಗಾಡಿಯು ಎಲ್ಲಿಗೆ ಬರಬೇಕು? ಗುಡಿಸಲಿನ ಗುಂಪಿಗೊಂದು ಹಲಗೆ ನೆಟ್ಟು, ಊರು, ಹೊಲದ ಒಡೆಯ, ಹತ್ತಿರದ ಗುಡಿ ಇವನ್ನು ಎರಡೂ ಲಿಪಿಗಳಲ್ಲಿ ಬರೆಯಿಸಿರಿ. ಕಬ್ಬಿನ ಗಾಡಿಗಳು ಬರುವ ಮೊದಲೇ ಇದು ಆಗಬೇಕು. ರಟ್ಟಿನ ಒಂದು ಪ್ರತಿ ದವಾಖಾನೆಯಲ್ಲಿ, ಒಂದು ಸಕ್ಕರೆ ಕಾರಖಾನೆಯ ಬಾಗಿಲಲ್ಲಿ ತೂಗಲಿ.