ಹಾಸು, ಹೊಕ್ಕು ಮತ್ತು ಸಂಭವನೀಯತೆ



ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವವರಿಗೆ ಕಮತಗಿ ಎಂಬ ಊರು ಸಿಗುತ್ತದೆ. ಹೆಸರಿನಲ್ಲಿ ‘ಕಮತ’ ಎಂಬ ಅಕ್ಷರಗಳಿವೆ, ಮನೆಗಳಲ್ಲಿ ಮಗ್ಗಗಳಿವೆ. ಇಳಕಲ್ ಸೀರೆ ನೇಯುವ ಊರುಗಳಲ್ಲಿ ಇದೂ ಒಂದು. ನಿಮ್ಮ ಗಣಿತದ ಪುಸ್ತಕದಲ್ಲಿ ಸಂಭವನೀಯತೆಯ ಪಾಠ ನಾಣ್ಯ, ದಾಳ, ಇಸ್ಪೀಟು ಎಲೆಗಳಿಂದ ಆರಂಭವಾಗುತ್ತದೆ. ನಾವು ಇಂದು ಅವುಗಳನ್ನು ಬದಿಗಿಟ್ಟು ಈ ಊರಿನ ಮಗ್ಗದ ಮೇಲಿನ ಬಟ್ಟೆಯನ್ನೇ ಪಾಠದ ಹಲಗೆ ಮಾಡಿಕೊಳ್ಳೋಣ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು. ಲಾಳಿಯೊಡನೆ ಅಡ್ಡಡ್ಡ ಓಡುವ ಎಳೆ ಹೊಕ್ಕು. ಒಂದು ಕಾಗದ ತೆಗೆದುಕೊಂಡು ಉದ್ದಕ್ಕೆ ಹತ್ತು ಪಟ್ಟಿ, ಅಡ್ಡಕ್ಕೆ ಹತ್ತು ಪಟ್ಟಿ ಎಳೆಯಿರಿ. ನೂರು ಚೌಕಗಳಾದವು. ಉದ್ದದ ಪಟ್ಟಿಗಳಲ್ಲಿ ಯಾವುದಾದರೂ ಮೂರಕ್ಕೆ ಕೆಂಪು ಹಾಸು, ಅಡ್ಡ ಪಟ್ಟಿಗಳಲ್ಲಿ ಎರಡಕ್ಕೆ ಕೆಂಪು ಹೊಕ್ಕು, ಉಳಿದದ್ದೆಲ್ಲ ಬಿಳಿ ನೂಲು ಎಂದುಕೊಳ್ಳಿ. ಚೌಕಡಿ ಬಟ್ಟೆ ಸಿದ್ಧವಾಯಿತು. ಇದರಲ್ಲಿ ಮೂರು ಬಗೆಯ ಚೌಕಗಳು ಕಾಣುತ್ತವೆ. ಕೆಂಪು ಹಾಸೂ ಕೆಂಪು ಹೊಕ್ಕೂ ಕೂಡಿದಲ್ಲಿ ಗಾಢ ಕೆಂಪು, ಒಂದು ಮಾತ್ರ ಕೆಂಪಾಗಿದ್ದಲ್ಲಿ ತಿಳಿಗೆಂಪು, ಎರಡೂ ಇಲ್ಲದಲ್ಲಿ ಬಿಳಿ.

ಈಗ ಕಣ್ಣು ಮುಚ್ಚಿ ಒಂದು ಚೌಕವನ್ನು ಆರಿಸುತ್ತೇವೆ. ನೂರು ಚೌಕಗಳಿಗೂ ಸಮಾನ ಅವಕಾಶವಿದೆ. ಆರಿಸಿದ ಚೌಕದಲ್ಲಿ ಕೆಂಪು ಹಾಸು ಇರುವುದು ‘ಅ’ ಎಂಬ ಘಟನೆ. ಮೂರು ಪಟ್ಟಿ, ಒಂದೊಂದರಲ್ಲಿ ಹತ್ತು ಚೌಕ, ಸಂಭವನೀಯತೆ 30/100. ಕೆಂಪು ಹೊಕ್ಕು ಇರುವುದು ‘ಬ’ ಎಂಬ ಘಟನೆ, ಸಂಭವನೀಯತೆ 20/100. ಎರಡೂ ಇರುವುದು ಈ ಘಟನೆಗಳ ಛೇದನ, ಬರೆಯುವುದು ಅ ∩ ಬ ಎಂದು. ಎರಡರಲ್ಲಿ ಯಾವುದಾದರೂ ಒಂದಾದರೂ ಇರುವುದು ಸಂಯೋಗ, ಅ ∪ ಬ.

ಸಂಯೋಗದ ಸಂಭವನೀಯತೆ ಎಷ್ಟು? 30ಕ್ಕೆ 20 ಕೂಡಿಸಿ 50 ಎಂದು ಹೇಳಲು ಮನಸ್ಸು ಓಡುತ್ತದೆ. ಕಾಗದದ ಮೇಲೆ ಬಣ್ಣದ ಚೌಕಗಳನ್ನು ಬೆರಳಿಟ್ಟು ಎಣಿಸಿ. 44 ಮಾತ್ರ ಇವೆ. ಉಳಿದ ಆರು ಎಲ್ಲಿ ಹೋದವು? ಮೂರು ಹಾಸು ಎರಡು ಹೊಕ್ಕನ್ನು ದಾಟುವಲ್ಲಿ ಆರು ಗಾಢ ಚೌಕಗಳಿವೆಯಷ್ಟೆ. ಅವುಗಳನ್ನು ಹಾಸಿನ ಲೆಕ್ಕದಲ್ಲಿ ಒಮ್ಮೆ, ಹೊಕ್ಕಿನ ಲೆಕ್ಕದಲ್ಲಿ ಇನ್ನೊಮ್ಮೆ ಎಣಿಸಿದ್ದೆವು. ಒಂದು ಬಾರಿಯ ಎಣಿಕೆಯನ್ನು ಕಳೆಯಬೇಕು. 30 + 20 – 6 = 44. ಇದೇ ಸಂಕಲನ ನಿಯಮ: ಎರಡರ ಸಂಭವನೀಯತೆಗಳನ್ನು ಕೂಡಿಸಿ, ಛೇದನದ ಸಂಭವನೀಯತೆಯನ್ನು ಕಳೆಯಿರಿ. ಎರಡು ಬೇರೆ ಬೇರೆ ಹಾಸು ಪಟ್ಟಿಗಳನ್ನು ತೆಗೆದುಕೊಂಡರೆ ಅವು ಎಲ್ಲಿಯೂ ಒಂದನ್ನೊಂದು ದಾಟುವುದಿಲ್ಲ. ಅಂಥ ಘಟನೆಗಳು ಒಟ್ಟಿಗೆ ಸಂಭವಿಸಲಾರವು. ಅಲ್ಲಿ ಕಳೆಯುವುದಕ್ಕೆ ಏನೂ ಇಲ್ಲ, ನೇರವಾಗಿ ಕೂಡಿಸಬಹುದು.

ಇಲ್ಲಿ ಭಾಷೆಯ ತೊಡಕೊಂದಿದೆ. ‘ಚಹಾ ಅಥವಾ ಕಾಫಿ’ ಎಂದು ಯಾರಾದರೂ ಕೇಳಿದರೆ ಎರಡರಲ್ಲಿ ಒಂದೇ ಎಂದು ನಮಗೆ ಅರ್ಥವಾಗುತ್ತದೆ. ಗಣಿತದ ‘ಅಥವಾ’ ಹಾಗಲ್ಲ, ಎರಡೂ ಇದ್ದರೂ ಅದಕ್ಕೆ ಒಪ್ಪಿಗೆ. ‘ಕೆಂಪು ಹಾಸಿನ ಮತ್ತು ಕೆಂಪು ಹೊಕ್ಕಿನ ಚೌಕಗಳನ್ನೆಲ್ಲ ಎಣಿಸು’ ಎಂದರಂತೂ ‘ಮತ್ತು’ ಎಂಬ ಪದವಿದ್ದರೂ ಕೇಳುತ್ತಿರುವುದು ಸಂಯೋಗವನ್ನೇ! ಆದ್ದರಿಂದ ಪ್ರಶ್ನೆಯಲ್ಲಿ ಪದವನ್ನು ಹುಡುಕಬೇಡಿ, ಅರ್ಥವನ್ನು ಹುಡುಕಿ. ‘ಹಾಸಾದರೂ ಸರಿ, ಹೊಕ್ಕಾದರೂ ಸರಿ’ ಎಂದು ಹೇಳಿಕೊಂಡರೆ ಹೊಂದುತ್ತದೆಯೇ? ಅದು ಸಂಯೋಗ. ‘ಹಾಸೂ ಬೇಕು, ಹೊಕ್ಕೂ ಬೇಕು’ ಎಂದರೆ ಹೊಂದುತ್ತದೆಯೇ? ಅದು ಛೇದನ. ಇಂಗ್ಲೆಂಡಿನ ತರ್ಕಶಾಸ್ತ್ರಜ್ಞ ಜಾನ್ ವೆನ್ 1880ರಲ್ಲಿ ಪ್ರಕಟಿಸಿದ, ಇಂದು ಎಲ್ಲ ಪಠ್ಯಗಳಲ್ಲಿರುವ ವೃತ್ತಗಳ ಚಿತ್ರವೂ ಈ ಗೊಂದಲವನ್ನು ಕಣ್ಣಿನಿಂದಲೇ ಪರಿಹರಿಸುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ನಮ್ಮ ಬಟ್ಟೆಯಲ್ಲಿ ಛೇದನ 6/100 ಬಂದಿತಲ್ಲವೇ? 30/100 ಮತ್ತು 20/100ನ್ನು ಗುಣಿಸಿದರೂ ಅದೇ ಬರುತ್ತದೆ. ಹಾಗಾದರೆ ಛೇದನ ಬೇಕಾದಾಗಲೆಲ್ಲ ಗುಣಿಸಿಬಿಡಬಹುದೇ? ಕೂಡದು. ಬಟ್ಟೆಯಲ್ಲಿ ಗುಣಾಕಾರ ನಡೆದದ್ದಕ್ಕೆ ಕಾರಣವಿದೆ. ಪ್ರತಿಯೊಂದು ಹೊಕ್ಕೂ ಎಲ್ಲ ಹಾಸುಗಳನ್ನೂ ಸಮನಾಗಿ ದಾಟುತ್ತದೆ. ಕೆಂಪು ಹಾಸು ಎಂದು ಹತ್ತಿರ ಹೋಗುವುದಿಲ್ಲ, ಬಿಳಿ ಎಂದು ದೂರ ಉಳಿಯುವುದಿಲ್ಲ. ಇಂಥ ಘಟನೆಗಳಿಗೆ ಸ್ವತಂತ್ರ ಘಟನೆಗಳು ಎಂದು ಹೆಸರು. ಬದುಕಿನ ಘಟನೆಗಳು ಯಾವಾಗಲೂ ಹೀಗೆ ನೇಯ್ದುಕೊಂಡಿರುವುದಿಲ್ಲ.

ಮಗ್ಗವೂ ಒಂದಿಷ್ಟು ಮಳೆ ನಂಬಿದ ಹೊಲವೂ ಇರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ ಎಂಬುದು ಆ ಮನೆಯವರ ಧೈರ್ಯ. ಲೆಕ್ಕಕ್ಕಾಗಿ ಮಾತ್ರ, ನೂರು ವರ್ಷಗಳಲ್ಲಿ 30 ವರ್ಷ ಬೆಳೆ ಹೋಗುತ್ತದೆ, 20 ವರ್ಷ ಸೀರೆಗೆ ಗಿರಾಕಿ ಇರುವುದಿಲ್ಲ ಎನ್ನೋಣ. ಇವೆರಡು ಸ್ವತಂತ್ರವಾಗಿದ್ದರೆ ಎರಡೂ ಕೈಕೊಡುವ ವರ್ಷಗಳು ಆರು. ಆದರೆ ಸೀರೆ ಕೊಳ್ಳುವವರು ಯಾರು? ಸುತ್ತಲಿನ ರೈತರ ಮನೆಯವರೇ ಆದರೆ, ಜೋಳ ಬರದ ವರ್ಷ ಅವರು ಹೊಸ ಸೀರೆ ಕೊಳ್ಳುವುದಿಲ್ಲ. ಗಿರಾಕಿಯಿಲ್ಲದ 20 ವರ್ಷಗಳಲ್ಲಿ 15 ಬೆಳೆ ಹೋದ ವರ್ಷಗಳೇ ಆಗಿದ್ದರೆ ಛೇದನ ಆರಲ್ಲ, ಹದಿನೈದು. ಸಂಕಲನ ನಿಯಮ ಆಗಲೂ ಸುಳ್ಳಾಗುವುದಿಲ್ಲ: 30 + 20 – 15 = 35. ಗಮನಿಸಿ, ಏನಾದರೊಂದು ಕಷ್ಟವಿರುವ ವರ್ಷಗಳು 44ರಿಂದ 35ಕ್ಕೆ ಇಳಿದಿವೆ. ಆದರೆ ಒಲೆ ಹೊತ್ತಿಸಲು ಎರಡೂ ದಾರಿ ಮುಚ್ಚಿದ ವರ್ಷಗಳು ಎರಡೂವರೆ ಪಟ್ಟಾಗಿವೆ. ಗುಣಾಕಾರವನ್ನು ನಂಬಿ ಕುಳಿತ ಮನೆ ಆರು ವರ್ಷಕ್ಕೆ ಸಿದ್ಧವಾಗಿರುತ್ತದೆ, ಹದಿನೈದಕ್ಕಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 1876–78ರಲ್ಲಿ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ಭಾರತಕ್ಕೆ ಭೀಕರ ಕ್ಷಾಮ ಬಂದಿತು. ಹುನಗುಂದದ ಸೀಮೆ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗದಷ್ಟು ಕುಸಿಯಿತು. ಅಂಥ ಬರಗಳಲ್ಲಿ ನೇಕಾರನ ಕೈ ಗಟ್ಟಿಯಾಗಿತ್ತು, ಮಗ್ಗ ಗಟ್ಟಿಯಾಗಿತ್ತು, ನೇಯಲು ಮಳೆಯೂ ಬೇಕಾಗಿರಲಿಲ್ಲ. ಆದರೂ ಅರಿವೆ ಕೊಳ್ಳುವವರಿಲ್ಲದೆ, ಏರಿದ ಬೆಲೆಗೆ ಕಾಳು ಕೊಳ್ಳಲಾಗದೆ ಅವನು ರೈತನೊಂದಿಗೇ ಬಿದ್ದ. ಮುಂದೆ ರೂಪುಗೊಂಡ ಕ್ಷಾಮ ಸಂಹಿತೆಗಳಲ್ಲಿ ನೇಕಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಟ್ಟು ಪರಿಹಾರ ಒದಗಿಸುವ ವಿಚಾರ ಸೇರಿತು.

ಇಳಕಲ್ ಸೀರೆಯನ್ನು ಉಡುವವರು ಮಹಾರಾಷ್ಟ್ರದಲ್ಲಿಯೂ ಇದ್ದಾರೆ. ಸೀರೆ ದೂರದ ಪೇಟೆಗೆ ಹೋದಷ್ಟೂ ಅದರ ಮಾರಾಟಕ್ಕೂ ಇಲ್ಲಿಯ ಮಳೆಗೂ ಇರುವ ಗಂಟು ಸಡಿಲವಾಗುತ್ತದೆ. ಹದಿನೈದು ಆರರ ಕಡೆಗೆ ಇಳಿಯುತ್ತದೆ. ಆದರೆ ಗಂಟು ಪೂರ್ತಿ ಬಿಚ್ಚಿತೆಂದು ತಿಳಿಯಬಾರದು. 1972ರ ಬರ ಮಹಾರಾಷ್ಟ್ರವನ್ನೂ ಉತ್ತರ ಕರ್ನಾಟಕವನ್ನೂ ಒಟ್ಟಿಗೇ ಹಿಡಿದಿತ್ತು.

ಆದ್ದರಿಂದ ಎರಡು ಘಟನೆಗಳು ಎದುರಿಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಅವು ಎಲ್ಲಿ ಕೂಡುತ್ತವೆ, ಎಷ್ಟು ಕೂಡುತ್ತವೆ ಎಂಬುದು. ಅದನ್ನು ಎಣಿಸಿ ತಿಳಿಯಬೇಕು; ಸ್ವತಂತ್ರವೆಂದು ಖಾತ್ರಿಯಾದಾಗ ಮಾತ್ರ ಗುಣಿಸಬೇಕು.

ಕೊನೆಯದಾಗಿ ನಿಮಗೊಂದು ಲೆಕ್ಕ. ಹತ್ತು ಹಾಸು ಪಟ್ಟಿಗಳಲ್ಲಿ ನಾಲ್ಕು ಕೆಂಪು, ಹತ್ತು ಹೊಕ್ಕು ಪಟ್ಟಿಗಳಲ್ಲಿ ಐದು ಕೆಂಪು. ಬಿಳಿ ಚೌಕ ಸಿಗುವ ಸಂಭವನೀಯತೆ ಎಷ್ಟು? ಮೊದಲು ನಿಯಮದಿಂದ ಬಿಡಿಸಿ, ಅನಂತರ ಕಾಗದದ ಮೇಲೆ ಬಣ್ಣ ಹಚ್ಚಿ ಎಣಿಸಿ. ಎರಡು ಉತ್ತರಗಳೂ ಒಂದೇ ಆಗಬೇಕು.