ಹೊಲಿಗೆಯೊಳಗೆ ಅಡಗಿದ ಲೆಕ್ಕ
(ಹೊಲಿಗೆ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗ ಬಲ್ಲವರಿಗೆ ಡೆನಿಮ್ ಬಿಡಿಸಿ ಹೇಳಬೇಕಾದ ಬಟ್ಟೆಯಲ್ಲ. ಹಾಸು ನೀಲಿ, ಹೊಕ್ಕು ಬಿಳಿ, ನೇಯ್ಗೆ ಓರೆ. ಅದು ದುಡಿಯುವವರ ಬಟ್ಟೆಯಾಗಿಯೇ ಹೆಸರಾಯಿತು. ಅಮೆರಿಕದ ದರ್ಜಿ ಜೇಕಬ್ ಡೇವಿಸ್, ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆಗೂಡಿ, ಷರಾಯಿಯ ಜೇಬು ಹರಿಯದಂತೆ ತಾಮ್ರದ ರಿವೆಟ್ ಹೊಡೆಯುವ ಕ್ರಮಕ್ಕೆ 1873ರಲ್ಲಿ ಪೇಟೆಂಟ್ ಪಡೆದ. ಇಂದು ನಮ್ಮ ಬಳ್ಳಾರಿಯ ಸಣ್ಣ ಘಟಕಗಳಲ್ಲೂ ಜೀನ್ಸ್ ಹೊಲಿಯುತ್ತಾರೆ. ಹೊಲಿಯುವ ಕೈ ನಮ್ಮದು. ನಕ್ಷೆಯ ಲೆಕ್ಕವೂ ನಮಗೆ ತಿಳಿದಿರಬೇಕು.

ಮೈಗೆ ಉಬ್ಬುತಗ್ಗು ಉಂಟು, ಕಾಗದ ಚಪ್ಪಟೆ. ತೆಳು ಬಟ್ಟೆಯಾದರೆ ಡಾರ್ಟ್ ಹಿಡಿಯುತ್ತೇವೆ. ದಪ್ಪ ಡೆನಿಮ್ಮಿನಲ್ಲಿ ಡಾರ್ಟ್ ಗಂಟಾಗಿ ಕೂರುತ್ತದೆ. ಆದ್ದರಿಂದ ಅದನ್ನು ಹೊಲಿಗೆಯೊಳಗೇ ಅಡಗಿಸಬೇಕು.

ಜಾಕೆಟ್ಟಿನ ಎದೆಸುತ್ತು 110 ಸೆಂಟಿಮೀಟರ್, ಸೊಂಟದ ಸುತ್ತು 98 ಎಂದಿಟ್ಟುಕೊಳ್ಳಿ. ಕಳೆಯಬೇಕಾದದ್ದು 12. ಮುಂಭಾಗದಲ್ಲಿ ಎರಡು, ಬೆನ್ನಿನಲ್ಲಿ ಎರಡು, ಪಕ್ಕದಲ್ಲಿ ಎರಡು, ಒಟ್ಟು ಆರು ಹೊಲಿಗೆ. ಒಂದೊಂದಕ್ಕೆ 2 ಸೆಂಟಿಮೀಟರ್; ಅಂದರೆ ಸೊಂಟದ ಬಳಿ ಗೆರೆಯ ಆಚೆ 1, ಈಚೆ 1. ಮೇಲೆ ಹೋದಂತೆ ಇದನ್ನು ಸಣ್ಣದು ಮಾಡುತ್ತ ಎದೆಯ ಮಟ್ಟದಲ್ಲಿ ಸೊನ್ನೆಗೆ ತನ್ನಿ. ಎಲ್ಲವನ್ನೂ ಪಕ್ಕದ ಹೊಲಿಗೆಗೇ ಹೇರಿದರೆ ಜಾಕೆಟ್ ಕಂಕುಳ ಕೆಳಗೆ ಜಗ್ಗುತ್ತದೆ. ಭಾರ ಹಂಚಿಕೊಂಡರೆ ಬಟ್ಟೆಗೂ ಸುಖ.

ಬಾಗಿದ ಎರಡು ಅಂಚುಗಳ ಉದ್ದವನ್ನು ಟೇಪು ನಿಲ್ಲಿಸಿ ಅಳೆಯಿರಿ. ಅಳೆಯಬೇಕಾದದ್ದು ಹೊಲಿಗೆಯ ಗೆರೆಯನ್ನು, ಕತ್ತರಿಸುವ ಗೆರೆಯನ್ನಲ್ಲ. ಎರಡೂ ಸಮವಾದ ಮೇಲೆ ಜೋಡಿಸುವ ಗುರುತು ಹಾಕಿ. ಅಂಚನ್ನು ಮಡಿಸಿ ಎರಡು ಸಾಲು ಹೊಲಿಯುವುದಾದರೆ ಒಂದು ಬದಿಗೆ 1, ಇನ್ನೊಂದಕ್ಕೆ 2 ಸೆಂಟಿಮೀಟರ್ ಹೆಚ್ಚು ಬಿಡಿ. ಬಾಗು ಮೆಲ್ಲಗಿರಲಿ, ಕಡಿದಾದ ಬಾಗಿನಲ್ಲಿ ದಪ್ಪ ಮಡಿಕೆ ಸುಕ್ಕುಗಟ್ಟುತ್ತದೆ.

ಕತ್ತರಿ ಹಿಡಿಯುವ ಮುಂಚೆ 50 ಸೆಂಟಿಮೀಟರ್ ಚೌಕದ ತುಂಡು ಒಗೆದು ನೋಡಿ. ಹಾಸಿನ ಉದ್ದ 48ಕ್ಕೆ ಇಳಿದರೆ ಶೇಕಡ 4 ಕುಗ್ಗಿತು. ಒಗೆದ ಮೇಲೆ 60 ಸೆಂಟಿಮೀಟರ್ ಉಳಿಯಬೇಕಾದ ಜಾಕೆಟ್ಟಿಗೆ ನಕ್ಷೆಯಲ್ಲಿ 62.5 ಬೇಕು. ಹೊಕ್ಕಿನ ಕಡೆಯ ಲೆಕ್ಕ ಬೇರೆ ಮಾಡಿ.

ಇಷ್ಟೇಕೆ ಹೇಳುತ್ತೇವೆ? ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಥಾನಿನ ಮೇಲೆ ಥಾನು ಇಟ್ಟು ಕತ್ತರಿಸಿದ ನೂರು ಜಾಕೆಟ್ಟುಗಳಲ್ಲೂ ಅದೇ ತಪ್ಪು. ಸಣ್ಣ ವ್ಯಾಪಾರಿಯ ಬಂಡವಾಳ ಹೋಗುತ್ತದೆ. ಪೀಸಿನ ಲೆಕ್ಕದಲ್ಲಿ ದುಡಿಯುವವನಿಗೆ, ಹೊಲಿಗೆ ಸರಿಯಿಲ್ಲವೆಂದು, ಕೂಲಿ ಮುರಿಯುತ್ತಾರೆ. ನಕ್ಷೆ ಓದಬಲ್ಲವನು ಟೇಪು ಹಿಡಿದು ತಪ್ಪು ಎಲ್ಲಿಯದೆಂದು ತೋರಿಸಬಲ್ಲ. ಆದ್ದರಿಂದ ನಕ್ಷೆಯ ರಟ್ಟು ಮಾಲೀಕನ ಬೀರುವಿನಲ್ಲಿ ಮಾತ್ರ ಇರಬಾರದು. ಅದರ ಲೆಕ್ಕ ಪ್ರತಿಯೊಬ್ಬ ಹೊಲಿಗೆಯವನ ತಲೆಯಲ್ಲೂ ಇರಬೇಕು.