ನಮಗೆ ನಾವೇ ಹೇಳಿಕೊಳ್ಳುವ ಮಾತು

(ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಹಾಜರಿ ಪುಸ್ತಕ ಕೊಟ್ಟಾಗ ನಾನು ಸುಮ್ಮನೆ ಗಮನಿಸುತ್ತಿದ್ದೆ. "ನನಗೆ ಬರೆಯೋಕೆ ಬರೋದಿಲ್ಲ, ನೀವೇ ಬರೆದುಬಿಡಿ" ಅಂತ ನಾಲ್ಕೈದು ಜನ ಹೇಳಿದಿರಿ. "ನನ್ನನ್ನು ಮುಂದೆ ಕೂರಿಸಬೇಡಿ, ನಾನು ದಡ್ಡಿ" ಅಂದವರೂ ಇದ್ದೀರಿ. ಇಲ್ಲಿ ಯಾರೂ ನಿಮ್ಮನ್ನು ಬೈದಿರಲಿಲ್ಲ. ನಿಮ್ಮನ್ನು ನೀವೇ ಬೈದುಕೊಂಡಿರಿ. ಪಕ್ಕದ ಮನೆಯವಳು ಇಷ್ಟು ಬೈದಿದ್ದರೆ ಜಗಳಕ್ಕೇ ಹೋಗುತ್ತಿದ್ದೆವು, ಅಲ್ಲವೇ?

ನನಗೆ ಗೊತ್ತಿರುವ ಒಂದು ಸಂಘದಲ್ಲಿ ಒಬ್ಬ ಅಕ್ಕ ಇದ್ದರು. ಸಾಕ್ಷರತಾ ತರಗತಿಗೆ ಹೋಗಿ ಸಹಿ ಹಾಕಲು ಕಲಿತಿದ್ದರು. ವಾರದ ಸಭೆಯಲ್ಲಿ ಠರಾವು ಪುಸ್ತಕಕ್ಕೆ ಚೆನ್ನಾಗಿಯೇ ಸಹಿ ಹಾಕುತ್ತಿದ್ದರು. ಆದರೆ ಪ್ರತಿನಿಧಿಯಾಗಿ ಅಂದರೆ ಒಪ್ಪುತ್ತಿರಲಿಲ್ಲ. "ಬ್ಯಾಂಕಿನಲ್ಲಿ ಕೈ ನಡುಗುತ್ತೆ, ನನ್ನಿಂದ ಆಗೋದಿಲ್ಲ." ಉಳಿದವರದ್ದೂ ಇದೇ ಮಾತು. ಹಾಗಾಗಿ ವರ್ಷಗಟ್ಟಲೆ ಪಾಸ್ ಪುಸ್ತಕ ಇಬ್ಬರ ಕೈಯಲ್ಲೇ ಉಳಿಯಿತು. ಖಾತೆಯಲ್ಲಿ ಎಷ್ಟಿದೆ ಅಂತ ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ನೋಡಿ, ಒಬ್ಬರ ಮನಸ್ಸಿನೊಳಗಿನ ಮಾತು ಎಲ್ಲಿಯವರೆಗೆ ಹೋಗುತ್ತದೆ!

ಒಂದು ದಿನ ಹತ್ತಿರ ಕೂತು ಕೇಳಿದೆ. ಚಿಕ್ಕವರಿದ್ದಾಗ ಮನೆಯ ಹಿರಿಯರೊಬ್ಬರು ಸ್ಲೇಟು ಕಿತ್ತುಕೊಂಡು, "ಈ ಕೈ ಸಗಣಿ ಬಾಚೋಕೇ ಸರಿ" ಅಂದಿದ್ದರಂತೆ. ಹೇಳಿದವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಮಾತನ್ನು ಈಗ ಇವರೇ ಹೇಳಿಕೊಳ್ಳುತ್ತಿದ್ದರು.

ಸುಮಾರು 100 ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಎಮಿಲ್ ಕೂಯೆ ಎಂಬ ಔಷಧ ಅಂಗಡಿಯವರಿದ್ದರು. ನಾನು ದಿನದಿಂದ ದಿನಕ್ಕೆ ಸುಧಾರಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಬೆಳಿಗ್ಗೆ, ರಾತ್ರಿ 20 ಸಲ ಹೇಳಿಕೊಳ್ಳಿ ಅಂತ ಜನರಿಗೆ ಕಲಿಸಿದರು. ಲೆಕ್ಕ ತಪ್ಪದಿರಲು 20 ಗಂಟು ಹಾಕಿದ ದಾರ! ನಮ್ಮ ಜಪಮಾಲೆಯ ಹಾಗೆ. ಇದು ಬಹಳ ಪ್ರಸಿದ್ಧವಾಯಿತು.

ಆದರೆ ಬರೀ ಹೊಗಳಿಕೆಯನ್ನು ಜಪ ಮಾಡಿದರೆ ಸಾಲದು. 2009ರಲ್ಲಿ ಕೆನಡಾದ ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದರು. ನಾನು ಪ್ರೀತಿಗೆ ಯೋಗ್ಯಳು ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಮನಸ್ಸು ಇನ್ನಷ್ಟು ಕುಗ್ಗಿತು. ನನಗೆ ಇದು ಆಶ್ಚರ್ಯವಲ್ಲ. "ನಾನು ಮಹಾ ಧೈರ್ಯವಂತೆ" ಅಂದ ಕೂಡಲೇ ಒಳಗಿನಿಂದ "ಸುಳ್ಳು ಹೇಳ್ಬೇಡ" ಅಂತ ಉತ್ತರ ಬರುತ್ತದಲ್ಲ!

ಆದ್ದರಿಂದ ಆ ಅಕ್ಕನಿಗೆ ನಿಜವಾದ ಮಾತನ್ನೇ ಹುಡುಕಿದೆವು. "ಸಭೆಯಲ್ಲಿ ಸಹಿ ಹಾಕಿದ್ದೇನೆ. ಕೈ ನಡುಗಿದರೂ ಬ್ಯಾಂಕಿನಲ್ಲೂ ಹಾಕ್ತೇನೆ." ದಿನಾ ಒಲೆ ಹಚ್ಚುವಾಗ ಇದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ದಿನಕ್ಕೆ ಐದು ಸಲ ಸಹಿ ಹಾಕುತ್ತಿದ್ದರು. ಹೇಳುವುದೂ ಬೇಕು, ಮಾಡುವುದೂ ಬೇಕು. ಬ್ಯಾಂಕಿಗೆ ಹೋದ ದಿನ ಕೈ ನಡುಗಿತು, ಮೊದಲ ಸಹಿ ಸೊಟ್ಟಗಾಯಿತು. ಇನ್ನೊಮ್ಮೆ ಹಾಕಿ ಅಂದರು, ಹಾಕಿದರು. ಪಾಸ್ ಪುಸ್ತಕ ಕೇಳಿ ತಂದು ಮುಂದಿನ ಸಭೆಯಲ್ಲಿ ಎಲ್ಲರಿಗೂ ಲೆಕ್ಕ ಓದಿಸಿದರು.

ಬೈಬಲಿನ ವಿಮೋಚನಕಾಂಡದಲ್ಲಿ ಮೋಶೆಯೂ ನನಗೆ ಮಾತು ಬರುವುದಿಲ್ಲ ಅಂತ ಹಿಂಜರಿಯುತ್ತಾನೆ. ನೀನು ದೊಡ್ಡ ಭಾಷಣಕಾರ ಅಂತ ದೇವರು ಅವನನ್ನು ಹೊಗಳಲಿಲ್ಲ. ನಾನಿದ್ದೇನೆ ಅಂದರು, ಜೊತೆಗೆ ಅಣ್ಣ ಆರೋನನನ್ನೂ ಕೊಟ್ಟರು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಈ ಕಥೆ ಎಲ್ಲರಿಗೂ ಸೇರಿದ್ದು. ಆ ಅಕ್ಕನ ಜೊತೆಗೂ ಬ್ಯಾಂಕಿಗೆ ಮೂವರು ಹೋಗಿದ್ದರು.

ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ತಿನ್ನುವವಳಿಗೆ ಕನ್ನಡಿ ಮುಂದೆ ನಿಂತು ಒಳ್ಳೆ ಮಾತು ಹೇಳಿಕೋ ಅನ್ನುವುದು ಅನ್ಯಾಯ. ಅವಳು ಸಂಘಕ್ಕೆ ತಿಳಿಸಲಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. ನಂಬರು 14416, ಖರ್ಚಿಲ್ಲ. ಬರೆದುಕೊಳ್ಳಿ.

ಈಗ ಪಕ್ಕದವರ ಕಡೆ ತಿರುಗಿ ಕೂತುಕೊಳ್ಳಿ. ಈ ವಾರ ನೀವು ನಿಜವಾಗಿ ಮಾಡಿದ ಒಂದು ಕೆಲಸ ಹೇಳಿ. ಸಣ್ಣದಾದರೂ ಪರವಾಗಿಲ್ಲ. ನಾಳೆ ಒಲೆ ಹಚ್ಚುವಾಗ ಹೇಳಿಕೊಳ್ಳಬೇಕಾದ್ದು ಅದನ್ನೇ. ಮೊದಲು ನಂದು ಕೇಳಿ: "ಮೈಕ್ ಹಿಡಿದರೆ ಈಗಲೂ ನನ್ನ ಗಂಟಲು ಒಣಗುತ್ತೆ. ಆದರೂ ಇವತ್ತು ಇಷ್ಟು ಹೊತ್ತು ಮಾತಾಡಿದ್ದೇನೆ." ಹೂಂ, ಈಗ ನಿಮ್ಮ ಸರದಿ.